ಸೌರಮಾರುತಕ್ಕೆ ಬೀಸಿದ ಬಲೆ

ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳು ಮಿನುಗುವುದಿಲ್ಲ. ಅಂಗಳದಲ್ಲಿ ಮಲಗಿ ಆಕಾಶ ನೋಡಿದ ಎಲ್ಲರೂ ಇದನ್ನು ಬಲ್ಲರು. ನಕ್ಷತ್ರವು ಬರಿಯ ಬಿಂದುವಾಗಿ ತೋರುವುದರಿಂದ ವಾಯುಮಂಡಲದ ಕದಲಿಕೆ ಅದರ ಬೆಳಕನ್ನು ಅಲುಗಿಸುತ್ತದೆ. ಬಿಂದುವಿನಂಥ ರೇಡಿಯೋ ಆಕರಗಳೂ ಹೀಗೆಯೇ ಮಿನುಗುತ್ತವೆಂದು 1964ರಲ್ಲಿ ಕೇಂಬ್ರಿಜ್‌ನ ಆಂಟನಿ ಹ್ಯೂಯಿಷ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಲ್ಲಿ ಅಲುಗಿಸುವುದು ನಮ್ಮ ಗಾಳಿಯಲ್ಲ; ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಎಡೆಬಿಡದೆ ಹೊಮ್ಮುವ ವಿದ್ಯುತ್ಕಣಗಳ ಪ್ರವಾಹ, ಸೌರಮಾರುತ.

ಈ ಮಿನುಗನ್ನು ಹಿಡಿಯುವ ಯಂತ್ರ ಹೇಗಿರಬೇಕು? ಕ್ಷೀಣವಾದ ಆಕರವನ್ನು ಬಹಳ ಹೊತ್ತು ಆಲಿಸಿ ಸರಾಸರಿ ತೆಗೆಯುವುದು ರೂಢಿ. ಆದರೆ ಸರಾಸರಿ ತೆಗೆದರೆ ಮಿನುಗೇ ಅಳಿಸಿಹೋಯಿತು! ಸೆಕೆಂಡಿಗೆ ಹಲವು ಬಾರಿ ಅಳೆಯಬೇಕು. ಅಷ್ಟು ಅಲ್ಪಕಾಲದಲ್ಲಿ ಸಾಕಷ್ಟು ಶಕ್ತಿ ದೊರೆಯಬೇಕಾದರೆ ದೂರದರ್ಶಕದ ಮೈ ಅತಿ ವಿಶಾಲವಾಗಿರಬೇಕು. ಅಂಥ ಭಾರಿ ಯಂತ್ರವನ್ನು ಆಕಾಶದ ಗತಿಯೊಡನೆ ತಿರುಗಿಸುವುದು ಬಡದೇಶಕ್ಕೆ ನಿಲುಕುವ ಮಾತೆ?

ನಿಲುಕಿತು, ಊಟಿಯ ಗುಡ್ಡವೇ ನೆರವಾಯಿತು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗೋವಿಂದ ಸ್ವರೂಪರ ಉಪಾಯವಿದು. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಉತ್ತರ-ದಕ್ಷಿಣವಾಗಿ ಅಷ್ಟೇ ಓರೆಯಾದ ಇಳಿಜಾರನ್ನು ಆರಿಸಿ, 530 ಮೀಟರ್ ಉದ್ದ, 30 ಮೀಟರ್ ಅಗಲದ ಪ್ರತಿಫಲಕವನ್ನು ಅದರ ಮೇಲೆ ನಿಲ್ಲಿಸಿದರು. ಮಲೆನಾಡಿನಲ್ಲಿ ನೀರು ಹಾಯಿಸುವ ಅಡಕೆಮರದ ದಂಬೆಯನ್ನು ಕಂಡ ವಾಚಕರಿಗೆ ಅದರ ಆಕಾರವನ್ನು ಬೇರೆ ವರ್ಣಿಸಬೇಕಾಗಿಲ್ಲ. ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಆದುದರಿಂದ ಭೂಮಿ ಪೂರ್ವಕ್ಕೆ ಉರುಳಿದಷ್ಟೂ ಇದನ್ನು ಪಶ್ಚಿಮಕ್ಕೆ ಹೊರಳಿಸಿದರೆ ಸಾಕು, ಒಂದೇ ಆಕರವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಹುದು. ಉತ್ತರ-ದಕ್ಷಿಣದ ನೋಟವನ್ನು ಬದಲಿಸಲು ಯಂತ್ರವನ್ನು ಅಲುಗಿಸಬೇಕಾಗಿಯೇ ಇಲ್ಲ. ಸಾಲಾಗಿ ನಿಂತ 1,056 ಆಂಟೆನಾಗಳ ಸಂಕೇತಗಳನ್ನು ವಿದ್ಯುತ್ತಿನಿಂದ ಹೊಂದಿಸಿಕೊಂಡರಾಯಿತು.

ಪ್ರತಿಫಲಕಕ್ಕೆ ತಗಡು ಹೊದಿಸಿಲ್ಲ. 24 ಕಮಾನುಗಳ ಮೇಲೆ ಎಳೆದ 1,100 ಸಣ್ಣ ಉಕ್ಕಿನ ತಂತಿಗಳೇ ಅದರ ಮೈ. 92 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗೆ ತಂತಿಗಳ ನಡುವಣ ಸಂದು ಸಂದೇ ಅಲ್ಲ. ಬೆಟ್ಟದ ಬಿರುಗಾಳಿಯೋ ಸಲೀಸಾಗಿ ತೂರಿಹೋಗುತ್ತದೆ. ದುಡ್ಡಿನ ಅಭಾವ ಬುದ್ಧಿಯನ್ನು ಹೀಗೆ ಚುರುಕುಗೊಳಿಸಿದ ಉದಾಹರಣೆ ವಿರಳ.

1970ರಲ್ಲಿ ಸಿದ್ಧವಾದ ಈ ದೂರದರ್ಶಕದ ಮೊದಲ ಉದ್ದೇಶ ಚಂದ್ರನು ರೇಡಿಯೋ ಆಕರಗಳನ್ನು ಮರೆಮಾಡುವ ಗಳಿಗೆಯನ್ನು ಅಳೆಯುವುದಾಗಿತ್ತು. ಆ ಮರೆಯೂ ಥಟ್ಟನೆ ಆಗುವಂಥದಾದ್ದರಿಂದ ಅದಕ್ಕೆ ಹೊಂದಿಸಿದ ಯಂತ್ರ ಮಿನುಗಿಗೂ ಒಗ್ಗಿತು.

ಸೌರಮಾರುತ ಕೆರಳಿದರೆ ಅನಾಹುತ ಸಣ್ಣದಲ್ಲ. 1989ರ ಮಾರ್ಚ್‌ನಲ್ಲಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ಅರುವತ್ತು ಲಕ್ಷ ಜನ ಒಂಬತ್ತು ಗಂಟೆ ವಿದ್ಯುತ್ತಿಲ್ಲದೆ ಕಳೆದರು. ಊಟಿಯಿಂದ ಹಲವು ಆಕರಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಹೋದಾಗ, ಯಾವ ದಿಕ್ಕಿನಲ್ಲಿ ಮಿನುಗು ಹಠಾತ್ತಾಗಿ ಹೆಚ್ಚಿತೋ ಅತ್ತ ದಟ್ಟವಾದ ಕಣಗಳ ಮೋಡ ಹಾಯುತ್ತಿದೆಯೆಂದು ಊಹಿಸಬಹುದು. ಮಿನುಗಿನ ಚುರುಕಿನಿಂದ ವೇಗವನ್ನು ಲೆಕ್ಕಹಾಕಬಹುದು. ಅಂಥ ಮೋಡ ಸೂರ್ಯನನ್ನು ಬಿಟ್ಟು ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ ಹಿಡಿಯುತ್ತದೆ.