ಒಂದು ಕಲಂ, ಎರಡು ತೂಕ

ಪುಣೆಯ ಬುಧವಾರ ಪೇಟೆಯ ವೇಶ್ಯಾವಾಟಿಕೆಯ ಓಣಿಗಳಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಉತ್ತರ ಕರ್ನಾಟಕದ ಎಷ್ಟೋ ದೇವದಾಸಿ ಹೆಣ್ಣುಮಕ್ಕಳು ಅಲ್ಲಿಗೆ ಸೇರಿದವರು. ಇಂಥವರನ್ನು ಕಾಪಾಡಲೆಂದೇ ಇರುವ ಕಾಯಿದೆ ಹೆಣ್ಣನ್ನು ಹೇಗೆ ಕಾಣುತ್ತದೆ ಅಂತ ನಾನು ಓದಿ ನೋಡಿದೆ.

1956ರ ಈ ಕಾಯಿದೆಯ ಹೆಸರಿನಲ್ಲೇ 'ಸ್ತ್ರೀಯರು, ಬಾಲಕಿಯರು' ಎಂದಿತ್ತು. 1986ರ ತಿದ್ದುಪಡಿ ಅದನ್ನು ತೆಗೆದು, ಒಳಗೆ 'ವ್ಯಕ್ತಿ' ಎಂದು ಸೇರಿಸಿತು. ಸಮಾನತೆ ಬಂತೇ? 8ನೇ ಕಲಂ ನೋಡಿ. ಬೀದಿಯಲ್ಲಿ ಗಿರಾಕಿಯನ್ನು ಕರೆದ ಹೆಂಗಸಿಗೆ ಮೊದಲ ಸಲ 6 ತಿಂಗಳವರೆಗೆ ಸಜೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದೇ ತಪ್ಪಿಗೆ ಗಂಡಸಿಗೆ 7 ದಿನದಿಂದ 3 ತಿಂಗಳು, ಅಷ್ಟೆ!

ಇನ್ನು 17ನೇ ಕಲಂ. ದಾಳಿಯಲ್ಲಿ 'ಬಿಡಿಸಿ' ತಂದವಳನ್ನು ಮ್ಯಾಜಿಸ್ಟ್ರೇಟರು 1ರಿಂದ 3 ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಮಾರಿದವನಿಗೂ ಬೀಗ, ಮಾರಾಟವಾದವಳಿಗೂ ಬೀಗ. ಇಷ್ಟವಿಲ್ಲದೆ ಅಲ್ಲಿರುವ ವಯಸ್ಕ ಸ್ತ್ರೀಯರ ಬಿಡುಗಡೆಯ ವಿಚಾರ ನೋಡಿ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ಮಾರುವವರನ್ನು ಸುಮ್ಮನೆ ಬಿಡಿ ಎನ್ನುತ್ತಿಲ್ಲ; ಎಳೆಯರನ್ನು ಆ ಕ್ಷಣವೇ ಬಿಡಿಸಬೇಕು. ಆದರೆ ಬೆಳೆದ ಹೆಣ್ಣನ್ನು ಕೂಸೆಂದೋ ಕೆಟ್ಟವಳೆಂದೋ ಕಾಣುವುದನ್ನು ಬಿಟ್ಟು, 'ನಿನಗೇನು ಬೇಕವ್ವಾ?' ಅಂತ ಮೊದಲು ಕೇಳಬಾರದೆ?