ಹಳೆ ರೇಂಜ್‌ಫೈಂಡರ್ ಲೆನ್ಸ್, ಹೊಸ ಡಿಜಿಟಲ್ ಕ್ಯಾಮೆರಾ

ಫಿಲ್ಮ್ ಕಾಲದ ಕ್ಯಾಮೆರಾಗಳು ಹಲವರ ಮನೆಯ ಬೀರುವಿನಲ್ಲಿ ಇನ್ನೂ ಇವೆ. ರೀಲು ಸಿಗುವುದು ಕಷ್ಟ, ಸಿಕ್ಕರೂ ತೊಳೆಸಲು ದೂರ ಕಳಿಸಬೇಕು. ಹಾಗಾಗಿ ಒಂದು ದಿನ ಅವು ಗುಜರಿಗೆ ಹೋಗುತ್ತವೆ. ಆದರೆ ಕ್ಯಾಮೆರಾ ಕೆಟ್ಟರೂ ಅದರ ಲೆನ್ಸ್ ಚೆನ್ನಾಗಿಯೇ ಇರಬಹುದು. ಅದನ್ನು ಈಗಿನ ಡಿಜಿಟಲ್ ಕ್ಯಾಮೆರಾಗೆ ಹಾಕಬಹುದೇ ಎಂಬುದು ಈ ಲೇಖನದ ವಿಷಯ. ಕೆಲವನ್ನು ಹಾಕಬಹುದು, ಕೆಲವನ್ನು ಆಗುವುದಿಲ್ಲ. ಕಾರಣವೆಲ್ಲ ಮಿಲಿಮೀಟರ್ ಲೆಕ್ಕದಲ್ಲಿದೆ. ನಾನು ಕಾಮರ್ಸ್ ವಿಭಾಗದವಳು, ಲೆಕ್ಕ ಬಿಡುವುದಿಲ್ಲ.

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಾಧನ. ಈ ಬಗೆಯ ಕ್ಯಾಮೆರಾದಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ, ಮೇಲಿರುವ ಬೇರೆ ಕಿಟಕಿಯಿಂದ ನೋಡುತ್ತೇವೆ. ಪಕ್ಕದ ಇನ್ನೊಂದು ಪುಟ್ಟ ಕಿಟಕಿಯಿಂದ ಬಂದ ಅದೇ ದೃಶ್ಯ ನಡುವೆ ಮಸುಕಾಗಿ, ಎರಡು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತಾ ಹೋದರೆ ಎರಡೂ ಹತ್ತಿರ ಬಂದು ಒಂದಾಗುತ್ತವೆ. ಆಗ ಫೋಕಸ್ ಸರಿಯಾಯಿತು. ಜರ್ಮನಿಯ ಲೈಕಾ ಇದಕ್ಕೆ ಹೆಸರುವಾಸಿ. 1948ರ ಜನವರಿ 30ರಂದು, ಹತ್ಯೆಗೆ ಸ್ವಲ್ಪ ಮುಂಚೆ ಗಾಂಧೀಜಿಯವರನ್ನು ಭೇಟಿಯಾಗಿದ್ದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸ್ಸಾಂ ಹೆಚ್ಚಾಗಿ ಬಳಸುತ್ತಿದ್ದುದು ಲೈಕಾ ಮತ್ತು 50 ಎಂಎಂ ಲೆನ್ಸ್. ಸೋವಿಯತ್ ಒಕ್ಕೂಟದವರು ಲೈಕಾ ನೋಡಿಕೊಂಡು ಫೆಡ್, ಜೋರ್ಕಿ ಎಂಬ ಕ್ಯಾಮೆರಾಗಳನ್ನು ಮಾಡಿದರು.

ನನ್ನ ನಾನಾ ಅವರ ಬಳಿ ಇದ್ದದ್ದು ಜೋರ್ಕಿ-4. ಅದರ ಶಟರ್ ಬಟ್ಟೆಯದು, ಈಗ ಹರಿದಿದೆ. ರಿಪೇರಿಯ ಖರ್ಚು ಕ್ಯಾಮೆರಾ ಬೆಲೆಗಿಂತ ಹೆಚ್ಚು ಎಂದು ತಿಳಿದವರು ಹೇಳಿದರು. ಗುಜರಿಯವರು 200 ರೂಪಾಯಿ ಕೊಡುತ್ತೇವೆ ಎಂದರು. ಅಕೌಂಟೆನ್ಸಿಯ ಭಾಷೆಯಲ್ಲಿ ಹೇಳುವುದಾದರೆ ಸವಕಳಿ ಎಲ್ಲ ಕಳೆದು ಉಳಿದ ಮೌಲ್ಯ ಅಷ್ಟೇ. ಆದರೆ ಅದರ ಮುಂದಿದ್ದ ಜುಪಿಟರ್-8 ಎಂಬ 50 ಎಂಎಂ ಲೆನ್ಸ್ ಗಾಜು ಸ್ವಚ್ಛವಾಗಿತ್ತು. ಅದು ಜರ್ಮನಿಯ ಝೈಸ್ ಕಂಪನಿಯ ಸೋನಾರ್ ಲೆನ್ಸಿನ ಮಾದರಿಯದು, ಎಫ್/2 ವರೆಗೆ ತೆರೆಯುತ್ತದೆ.

ಅದೇ ಹೊತ್ತಿಗೆ ಖಾಲಾ ಮಗಳ ನಿಕಾಹ್ ಗೊತ್ತಾಯಿತು. ಮೆಹಂದಿಯ ರಾತ್ರಿ ಹೆಂಗಸರ ಕಡೆ ಹೊರಗಿನ ಗಂಡಸು ಫೋಟೋಗ್ರಾಫರ್ ಬೇಡ, ನೀನೇ ತೆಗಿ ಎಂದು ಖಾಲಾ ಹೇಳಿದರು. ಮಾಮು ತಮ್ಮ ಸೋನಿ ಕ್ಯಾಮೆರಾ ಕೊಡಲು ಒಪ್ಪಿದರು. ಅದರ ಜೊತೆ ಬಂದಿರುವ ಜೂಮ್ ಲೆನ್ಸ್ 50 ಎಂಎಂಗೆ ಹೋದಾಗ ಎಫ್/5.6 ಮಾತ್ರ ತೆರೆಯುತ್ತದೆ. 2ರಿಂದ 2.8, 4, 5.6 ಎಂದು ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತಾ ಹೋಗುತ್ತದೆ. ಮೂರು ಮೆಟ್ಟಿಲು ಅಂದರೆ 8 ಪಟ್ಟು ವ್ಯತ್ಯಾಸ. ಮನೆಯ ಬಲ್ಬಿನ ಬೆಳಕಿನಲ್ಲಿ ಜೂಮ್ ಲೆನ್ಸಿಗೆ ಸೆಕೆಂಡಿನ 10ನೇ ಒಂದು ಭಾಗ ಬೇಕಾದರೆ ನಾನಾ ಅವರ ಲೆನ್ಸಿಗೆ 80ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕೈ ಅಲುಗಿ ಮುಖ ಮಸುಕಾಗುತ್ತದೆ, ಎರಡನೆಯದರಲ್ಲಿ ಉಳಿಯುತ್ತದೆ. ಇಷ್ಟು ತೆರೆಯುವ ಹೊಸ ಲೆನ್ಸ್ ಬೇಕೆಂದರೆ ಸಾವಿರಾರು ರೂಪಾಯಿ. ಮದುವೆ ಮನೆಯಲ್ಲಿ ಅದನ್ನು ಯಾರ ಮುಂದೆ ಕೇಳುವುದು?

ಈಗ ಮಿಲಿಮೀಟರ್ ಲೆಕ್ಕ. ಪ್ರತಿ ಕ್ಯಾಮೆರಾದಲ್ಲೂ ಲೆನ್ಸ್ ಕೂರುವ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಒಂದು ನಿಗದಿತ ದೂರ ಇರುತ್ತದೆ. ಜೋರ್ಕಿ, ಫೆಡ್ ಮತ್ತು ಹಳೆಯ ಲೈಕಾಗಳ ತಿರುಪು ಲೆನ್ಸಿಗೆ ಅದು 28.8 ಮಿ.ಮೀ. ಸೋನಿಯ ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ 18 ಮಿ.ಮೀ. ಹಾಗಾದರೆ ನಡುವೆ 10.8 ಮಿ.ಮೀ. ದಪ್ಪದ ಒಂದು ಲೋಹದ ಬಳೆ ಇಟ್ಟರೆ ಲೆನ್ಸಿಗೆ ತಾನು ಹಳೆಯ ಜಾಗದಲ್ಲೇ ಇದ್ದಂತೆ. ಅದೇ ಅಡಾಪ್ಟರ್. ಅದರಲ್ಲಿ ಗಾಜಿಲ್ಲ, ವೈರಿಲ್ಲ. ಒಂದು ಕಡೆ 39 ಮಿ.ಮೀ. ತಿರುಪು, ಇನ್ನೊಂದು ಕಡೆ ಸೋನಿಯ ಹಿಡಿ. ನಿಡಘಟ್ಟದವರಿಗೆ ಇದು ಹೊಸದಲ್ಲ: ಎಕ್ಸ್‌ಪ್ರೆಸ್‌ವೇ ಕಟ್ಟುವಾಗ ಬೆಂಗಳೂರು-ನಿಡಘಟ್ಟ ಒಂದು ಭಾಗ, ನಿಡಘಟ್ಟ-ಮೈಸೂರು ಇನ್ನೊಂದು ಭಾಗ, ಎರಡನ್ನೂ ಕೂಡಿಸಿದ್ದು ನಮ್ಮ ಊರಿನ ಹತ್ತಿರವೇ.

ಬಳೆಯ ದಪ್ಪ ಮಾತ್ರ ಸರಿಯಿರಬೇಕು. ಪಿಸಿಎಂಬಿಯ ಗೆಳತಿಯೊಬ್ಬಳು ಲೆನ್ಸ್ ಸೂತ್ರ ಹಾಕಿ ತೋರಿಸಿದಳು. ಅಡಾಪ್ಟರ್ ಬರೀ 0.1 ಮಿ.ಮೀ. ದಪ್ಪವಾದರೂ ಈ ಲೆನ್ಸ್ ಸುಮಾರು 25 ಮೀಟರ್‌ಗಿಂತ ಆಚೆಗೆ ಸರಿಯಾಗಿ ಫೋಕಸ್ ಆಗುವುದೇ ಇಲ್ಲ. ಸ್ವಲ್ಪ ತೆಳುವಾದರೆ ಚಿಂತೆಯಿಲ್ಲ, ಲೆನ್ಸ್ ಮೇಲೆ ಬರೆದ ಮೀಟರ್ ಅಂಕಿಗಳು ತಪ್ಪುತ್ತವೆ ಅಷ್ಟೆ. ನಾವು ತರಿಸಿದ್ದು 1,150 ರೂಪಾಯಿಯದು. ದೂರದ ತೆಂಗಿನ ಮರವೂ ಸ್ಪಷ್ಟವಾಗಿ ಬಂತು.

ಇದೇ ಲೆನ್ಸನ್ನು ಸ್ಟುಡಿಯೋಗಳಲ್ಲಿ ಕಾಣುವ ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಲಾಗದು. ಅದರೊಳಗೆ ಕನ್ನಡಿ ಇರುವುದರಿಂದ ದೂರ 46.5 ಮಿ.ಮೀ. ಎಷ್ಟೇ ಒತ್ತಿ ಕೂರಿಸಿದರೂ ಲೆನ್ಸ್ 17.7 ಮಿ.ಮೀ. ಮುಂದೆಯೇ ನಿಲ್ಲುತ್ತದೆ. ಆಗ ಒಂದು ಗೇಣಿಗಿಂತ ಆಚೆಗಿರುವುದೆಲ್ಲ ಮಸುಕು. ಹೂವಿನ ಫೋಟೋಗೆ ಸರಿ, ಮದುಮಗಳಿಗೆ ಅಲ್ಲ. ಇನ್ನೊಂದು ಎಚ್ಚರಿಕೆ: ಹಳೆಯ ಜೆನಿಟ್ ಕ್ಯಾಮೆರಾಗಳ ಕೆಲವು ಲೆನ್ಸಿಗೂ ಇದೇ 39 ಮಿ.ಮೀ. ತಿರುಪು ಇದೆ, ಆದರೆ ಅವುಗಳ ದೂರ 45.2 ಮಿ.ಮೀ. ತಿರುಪು ಕೂತಿತೆಂದು ಖುಷಿಪಟ್ಟರೆ ಫೋಕಸ್ ಎಲ್ಲೂ ಸಿಗುವುದಿಲ್ಲ. ಯಾಶಿಕಾ ಎಲೆಕ್ಟ್ರೋ 35 ಕೂಡ ರೇಂಜ್‌ಫೈಂಡರೇ, ಆದರೆ ಅದರ ಲೆನ್ಸ್ ಬಿಚ್ಚಿ ಬರುವಂಥದ್ದಲ್ಲ. ಅದಿದ್ದವರು ಅಡಾಪ್ಟರ್‌ಗೆ ದುಡ್ಡು ಹಾಕಬೇಡಿ.

ಕ್ಯಾಮೆರಾ ಮೆನುವಿನಲ್ಲಿ 'ಲೆನ್ಸ್ ಇಲ್ಲದಿದ್ದರೂ ಕ್ಲಿಕ್ ಮಾಡು' ಎಂಬ ಅರ್ಥದ ಸೆಟ್ಟಿಂಗ್ ಆನ್ ಮಾಡಬೇಕು. ವೈರಿನ ಸಂಪರ್ಕವಿಲ್ಲದ ಕಾರಣ ಲೆನ್ಸ್ ಇರುವುದೇ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಎ ಮೋಡ್‌ನಲ್ಲಿ ಇಟ್ಟರೆ ಶಟರ್ ವೇಗವನ್ನು ಅದೇ ನೋಡಿಕೊಳ್ಳುತ್ತದೆ. ಆಟೋ ಫೋಕಸ್ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚುಗಳಿಗೆ ಪರದೆಯ ಮೇಲೆ ಬಣ್ಣ ಬರುತ್ತದೆ. ಅದನ್ನೇ ಪೂರ್ತಿ ನಂಬಬೇಡಿ. ಎಫ್/2ರಲ್ಲಿ ಒಂದೂವರೆ ಮೀಟರ್ ದೂರದ ಮುಖಕ್ಕೆ ಸ್ಪಷ್ಟವಾಗಿರುವ ಆಳ ನಾಲ್ಕು ಬೆರಳಷ್ಟೇ. ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ ಕಣ್ಣಿನ ರೆಪ್ಪೆಗೆ ಫೋಕಸ್ ಮಾಡುವುದು ಲೇಸು. ಮಾಮು ಅವರ ಕ್ಯಾಮೆರಾದ ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದು, ಆದ್ದರಿಂದ 50 ಎಂಎಂ ಲೆನ್ಸ್ 75 ಎಂಎಂನಂತೆ ಕಾಣಿಸುತ್ತದೆ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಹೋಗಬೇಕಾಯಿತು. ಎದುರಿಗೆ ಬಲ್ಬ್ ಬಂದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ಹಳೆ ಲೆನ್ಸಿನ ಗುಣ ಅದು. ಅಪ್ಪಿ ಅದನ್ನೇ ಚಂದ ಎಂದಳು, ನನಗೆ ಹಾಗನ್ನಿಸಲಿಲ್ಲ.

ಆ ರಾತ್ರಿ ಫ್ಲ್ಯಾಶ್ ಹಾಕಲೇ ಇಲ್ಲ. ನಾನಿ ಮೊದಲ ಬಾರಿಗೆ ಕಣ್ಣು ಮುಚ್ಚದೆ ಫೋಟೋದಲ್ಲಿ ಬಂದರು. ಚಿತ್ರಗಳ ಮೆಮೊರಿ ಕಾರ್ಡ್ ಖಾಲಾ ಬಳಿಯೇ ಇದೆ, ಆದ್ದರಿಂದ ಈ ಲೇಖನದ ಜೊತೆ ಅವು ಇಲ್ಲ. ಅಡಾಪ್ಟರ್‌ನ ಚಿತ್ರವನ್ನಷ್ಟೇ ಕೊಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥ ಕ್ಯಾಮೆರಾ ಇದ್ದರೆ ಮಾರುವ ಮುನ್ನ ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿ. ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು. ಒರೆಸಿದರೆ ಹೋಗುವುದಿಲ್ಲ, ಬಿಚ್ಚಿ ತೊಳೆಯುವವರೇ ಬೇಕು. ಸ್ವಚ್ಛವಾಗಿದ್ದರೆ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹೊಸ ಶೂ ಡಬ್ಬಿಯಲ್ಲಿ ಬರುತ್ತವಲ್ಲ, ಅವೇ ಸಾಕು.