ನಿಮ್ಮ ತಲೆಯ ಮೇಲೊಂದು ಲಾರಿ!

1965ರಲ್ಲಿ ತೆರೆಕಂಡ ಹಿಂದಿಯ 'ವಕ್ತ್' ಚಿತ್ರ ನೆನಪಿದೆ ತಾನೆ? ಮನೆ ತುಂಬ ಸಂಭ್ರಮ. ಮೂರು ಗಂಡು ಮಕ್ಕಳ ತಂದೆ ಬಲರಾಜ್ ಸಾಹ್ನಿ ಎದೆಯುಬ್ಬಿಸಿ ಮೆರೆಯುತ್ತಿದ್ದಾರೆ. ಅಷ್ಟರಲ್ಲಿ... ಗುಡು ಗುಡು ಗುಡು! ಭೂಮಿ ನಡುಗುತ್ತೆ, ಮನೆ ಕುಸಿಯುತ್ತೆ, ಸಂಸಾರ ದಿಕ್ಕಾಪಾಲು! ಆದರೆ ಸಿನಿಮಾ ತಾನೆ, ಮೂರು ಗಂಟೆ ತಾಳ್ಮೆಯಿಂದ ಕೂತರೆ ಸಾಕು. ರಾಜ್‌ಕುಮಾರ್ (ಹಿಂದಿಯ ರಾಜ್‌ಕುಮಾರ್ ಸ್ವಾಮೀ, ನಮ್ಮ ಅಣ್ಣಾವ್ರಲ್ಲ!), ಸುನೀಲ್ ದತ್, ಶಶಿ ಕಪೂರ್ ಮೂವರೂ ಕೊನೆಗೆ ಒಂದಾಗುತ್ತಾರೆ. ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಈಗ ಇನ್ನೊಂದು ದೃಶ್ಯ. ಇದು ಸಿನಿಮಾ ಅಲ್ಲ.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿಯನ್ನು ಕಳಿಸಿಬಂದ ಜನ ದಣಿದು ಮಲಗಿದ್ದಾರೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ, ಸುತ್ತಲಿನ ಔಸಾ ಮತ್ತು ಉಮರಗಾ ತಾಲ್ಲೂಕಿನ ಹಳ್ಳಿಗಳು. ಭೂಮಿ ನಡುಗಿತು. ಕೆಲವೇ ಸೆಕೆಂಡು! ಸುಮಾರು 10 ಸಾವಿರ ಜನ ಮತ್ತೆ ಏಳಲೇ ಇಲ್ಲ. ಅಲ್ಲಿ ಅಗಲಿದ ಅಣ್ಣ ತಮ್ಮಂದಿರು ಕೊನೆಯ ರೀಲಿನಲ್ಲಿ ಸೇರಲಿಲ್ಲ.

"ಅದು ಮಹಾರಾಷ್ಟ್ರದ ಮಾತಾಯ್ತು, ನಮಗ್ಯಾಕ ಬಿಡ್ರಿ" ಅಂತೀರಾ? ಸ್ವಲ್ಪ ತಡೀರಿ. ಉಮರಗಾ ನಮ್ಮ ಆಳಂದದ ಪಕ್ಕದ ತಾಲ್ಲೂಕು. ನಕ್ಷೆಯ ಮೇಲೆ ಕಿಲ್ಲಾರಿಯಿಂದ ಆಳಂದಕ್ಕೆ ನೇರ ಗೆರೆ ಎಳೆದರೆ 50-55 ಕಿಲೋಮೀಟರ್. ಬೆಳೆ ಒಂದೇ, ರೊಟ್ಟಿ ಒಂದೇ, ಮಣ್ಣೂ ಒಂದೇ. ಎಲ್ಲಕ್ಕಿಂತ ಮುಖ್ಯ, ಮನೆ ಕಟ್ಟುವ ರೀತಿಯೂ ಒಂದೇ. ಆ ರಾತ್ರಿ ಅಷ್ಟು ಜನ ಸತ್ತದ್ದು ತಮ್ಮದೇ ಮನೆಯ ಕಲ್ಲು ಮಣ್ಣಿನ ಕೆಳಗೆ.

ಸಿನಿಮಾ ಪತ್ರಿಕೆಯಲ್ಲಿ ಮನೆ ರಿಪೇರಿಯ ಪುರಾಣ ಯಾಕೆ ಅಂತ ಹುಬ್ಬೇರಿಸಬೇಡಿ. ನಮ್ಮ ಓದುಗರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರು ಬಹಳ. ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ಪುಣೆಗೋ, ಸೊಲ್ಲಾಪುರಕ್ಕೋ, ಬೆಂಗಳೂರಿಗೋ ದುಡಿಯಲು ಹೊರಟವರು. ನಾಲ್ಕು ಕಾಸು ಕೂಡಿಸಿದ ಮೇಲೆ ಊರಿನ ನೆನಪು. ಮದುವೆ ಗೊತ್ತಾಗುತ್ತೆ. ಊರಲ್ಲಿ ಅಜ್ಜನ ಮನೆ ಬೀಗ ಹಾಕಿಕೊಂಡು ಕೂತಿರುತ್ತೆ. "ಅದನ್ನ ಸ್ವಲ್ಪ ರಿಪೇರಿ ಮಾಡಿಸಿ ಇದ್ದರಾಯ್ತು" ಅಂತ ಮನೆಮಂದಿಯೆಲ್ಲ ತೀರ್ಮಾನ ಮಾಡುತ್ತಾರೆ. ಒಳ್ಳೇದೇ! ಹಿರಿಯರ ಮನೆ ಬಿಟ್ಟುಕೊಡಬೇಕಾದ ಸಂಕಟ ಏನೆಂದು 1971ರ 'ಕಸ್ತೂರಿ ನಿವಾಸ' ನೋಡಿದ ಅಭಿಮಾನಿಗಳಿಗೆ ಹೇಳಿಕೊಡಬೇಕೆ?

ಆದರೆ ಹೀರೋ ಊರಿಗೆ ಬಂದವನೇ ಮಾಡುವ ಮೊದಲ ಕೆಲಸ ಏನು ಗೊತ್ತೆ? ಬಣ್ಣದ ಡಬ್ಬಿ ತರುವುದು! ಆಮೇಲೆ ನೆಲಕ್ಕೆ ಟೈಲ್ಸ್. ಆಮೇಲೆ ಟಿ.ವಿ. ಇಡುವುದಕ್ಕೊಂದು ಗೂಡು. ತಲೆ ಎತ್ತಿ ಮಾಳಿಗೆ ನೋಡುವ ಕೆಲಸ ಮಾತ್ರ ಮಾಡುವುದಿಲ್ಲ.

ಮಾಳಿಗೆಯ ಲೆಕ್ಕ

ಹಳೇ ಮನೆಯ ಮಾಳಿಗೆ ಹೇಗಿರುತ್ತದೆ? ಕೆಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ಮಣ್ಣು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿ ಸೀಮೆ ಹೆಂಚಿನ ಹಾಗೆ ಕಾದಿರುವಾಗ ಈ ಮಣ್ಣಿನ ಮಾಳಿಗೆಯ ಕೆಳಗೆ ತಣ್ಣಗೆ ಮಲಗಬಹುದು. ಅಜ್ಜಂದಿರು ದಡ್ಡರಲ್ಲ!

ತೊಂದರೆ ಶುರುವಾಗುವುದು ಸೋರಿದಾಗ. ಮಿರಗದ ಮಳೆ ಬರುವ ಮುಂಚೆ ಮಾಳಿಗೆಗೆ ಒಂದಿಷ್ಟು ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಮರುವರ್ಷ ಮತ್ತೊಂದಿಷ್ಟು. ಅಪ್ಪ ಹಾಕಿದ, ಅಜ್ಜ ಹಾಕಿದ, ಮುತ್ತಜ್ಜನೂ ಹಾಕಿದ. ಹಳೇದನ್ನು ತೆಗೆದವರು ಯಾರೂ ಇಲ್ಲ. ಹೀಗೆ ಒಂದಡಿ ಇದ್ದದ್ದು ಎರಡಡಿ ಆಗಿರುತ್ತೆ.

ಒಂದು ಘನ ಅಡಿ ಮಣ್ಣಿನ ತೂಕ ಸುಮಾರು 45 ಕಿಲೋ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಅಂದುಕೊಳ್ಳಿ. 120 ಚದರ ಅಡಿ. ಒಂದಡಿ ದಪ್ಪ ಮಣ್ಣಿದ್ದರೆ 5,400 ಕಿಲೋ. ಎರಡಡಿ ಇದ್ದರೆ 10,800 ಕಿಲೋ, ಅಂದರೆ ಹತ್ತು ಟನ್ನಿನ ಮೇಲೆ! ಒಂದು ಲಾರಿ ತುಂಬ ಮಾಲು. ಮಳೆ ನೀರು ಕುಡಿದಾಗ ಇನ್ನೂ ಜಾಸ್ತಿ. ಆ ಲಾರಿಯ ಕೆಳಗೆ ಮಂಚ ಹಾಕಿ ಹೊಸ ಮದುಮಗಳನ್ನು ಮಲಗಿಸುತ್ತೀರಾ?

ಸಿನಿಮಾದಲ್ಲಿ ಕಂಬ ಮುರಿದು ವಿಲನ್ ಮೇಲೆ ಬೀಳುತ್ತೆ. ಪೆಟ್ಟು ತಿಂದವನು ಮೈ ಕೊಡವಿಕೊಂಡು ಎದ್ದು ಬಂದು ಮತ್ತೆ ಹೊಡೆದಾಡುತ್ತಾನೆ. ಅದು ಥರ್ಮೊಕೋಲು ಕಣ್ರೀ! ಪ್ಲಾಸ್ಟರ್ ಆಫ್ ಪ್ಯಾರಿಸ್ಸು. ಅಜ್ಜನ ಮನೆಯ ಕಂಬಕ್ಕೂ ನಿಮಗೂ ಡೂಪ್ ಇಲ್ಲ.

ಕಂಬದ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಪಡಸಾಲೆಯ ನಡುವಿನ ಕಂಬ ಕಿತ್ತು 'ಹಾಲ್' ದೊಡ್ಡದು ಮಾಡುವ ಹುಚ್ಚು ಈಗ ಎಲ್ಲ ಕಡೆ ಹಬ್ಬಿದೆ. ಕಂಬ ಇದ್ದರೆ ಸೋಫಾ ಕೂರುವುದಿಲ್ಲವಂತೆ! ಕಿಲ್ಲಾರಿಯ ಕಡೆ ಮರದ ಕಂಬ-ತೊಲೆ ಗಟ್ಟಿಯಾಗಿದ್ದ ಮನೆಗಳಲ್ಲಿ ಗೋಡೆ ಉದುರಿದರೂ ಮಾಳಿಗೆ ಕಂಬದ ಮೇಲೆ ನಿಂತದ್ದುಂಟು. ಅದರ ಕೆಳಗಿದ್ದವರು ಬದುಕಿದ್ದುಂಟು. ಸೋಫಾನೇ ಬೇರೆ ಕಡೆ ಹಾಕಿ.

ಗೋಡೆಯ ಹೊಟ್ಟೆಯೊಳಗೆ

"ನಮ್ಮ ಗೋಡಿ ಮೂರು ಫೂಟ್ ದಪ್ಪ ಅದಾವ್ರಿ, ಏನೂ ಆಗಂಗಿಲ್ಲ" ಎಂದು ಮೀಸೆ ತಿರುವುವವರಿಗೆ ಒಂದು ಗುಟ್ಟು. ಆ ಗೋಡೆ ಒಂದಲ್ಲ, ಎರಡು! ಹೊರಗಡೆ ಒಂದು ಸಾಲು ಕಲ್ಲು, ಒಳಗಡೆ ಒಂದು ಸಾಲು ಕಲ್ಲು, ನಡುವೆ ಚೂರುಗಲ್ಲು, ಮಣ್ಣು. ಎರಡನ್ನೂ ಹಿಡಿದುಕೊಳ್ಳುವ ಉದ್ದ ಕಲ್ಲು ಹಾಕಿದ್ದರೆ ಪುಣ್ಯ. ಎಷ್ಟೋ ಮನೆಗಳಲ್ಲಿ ಹಾಕಿಲ್ಲ. ಮಾಳಿಗೆಯಿಂದ ಇಳಿದ ನೀರು ವರ್ಷಾನುವರ್ಷ ನಡುವಿನ ಮಣ್ಣನ್ನು ಕರಗಿಸುತ್ತದೆ. ಗೋಡೆಗೆ ಹೊಟ್ಟೆ ಬರುತ್ತದೆ. ಭೂಮಿ ಸ್ವಲ್ಪ ಅಲುಗಿತೋ, ಎರಡು ಸಾಲೂ ಎರಡು ದಿಕ್ಕಿಗೆ. ಮಾಳಿಗೆಯ ಲಾರಿ ಸೀದಾ ಕೆಳಕ್ಕೆ. ಕಿಲ್ಲಾರಿಯಲ್ಲಿ ಮನೆ ಮನೆಯಲ್ಲೂ ಆದದ್ದು ಇದೇ.

ಹಾಗಂತ ಮನೆ ಕೆಡವಬೇಕಿಲ್ಲ. ಭೂಕಂಪದ ನಂತರ ಮಹಾರಾಷ್ಟ್ರದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ಯೋಜನೆ ನಡೆಯಿತು. 50ಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲೇ ಕಟ್ಟಿದರು. ಅದರ ಜೊತೆಗೆ, ನಿಂತಿದ್ದ ಹಳೇ ಮನೆಗಳನ್ನು ಇದ್ದಲ್ಲೇ ಗಟ್ಟಿ ಮಾಡುವ ಕೆಲಸವೂ ಆಯಿತು. ಅಲ್ಲಿ ಮಾಡಿದ್ದನ್ನೇ ನಮ್ಮ ಗೌಂಡಿಗಳೂ ಮಾಡಬಹುದು. ಆ ಪಾಠ ಹೀಗಿದೆ.

ಮೊದಲು ತೊಲೆಗಳಿಗೆ ಬಲ್ಲಿ ಕೊಟ್ಟು ಆಸರೆ ನಿಲ್ಲಿಸಿ. ಆಮೇಲೆ ಮಾಳಿಗೆ ಏರಿ ಹಳೇ ಮಣ್ಣು ಇಳಿಸಿ. ಒಂದೇ ಮೂಲೆಯಿಂದ ಅಗೆಯುತ್ತಾ ಹೋಗಬೇಡಿ, ಭಾರ ಒಂದು ಕಡೆ ವಾಲುತ್ತದೆ. ಎಲ್ಲ ಕಡೆಯಿಂದ ಸಮನಾಗಿ ಇಳಿಸಿ. ಜಂತಿಯ ತುದಿ ಗೋಡೆಯೊಳಗೆ ಸೇರುವ ಜಾಗ ಇದೆಯಲ್ಲ, ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಗೆದ್ದಲಿನ ಊಟ ಮುಗಿದಿದೆ ಅಂತ ಅರ್ಥ. ಅಂಥ ಜಂತಿ ಬದಲಿಸಿ. ಮಾಳಿಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಹರಿಯುವ ಇಳಿಜಾರು ಕೊಟ್ಟು, ಅದರ ಮೇಲೆ ತೆಳ್ಳಗೆ ಮಣ್ಣು ಹಾಕಿ. ಎಂಟು ಅಂಗುಲ ದಾಟಬಾರದು. ತಂಪೂ ಉಳಿಯಿತು, ಲಾರಿಯೂ ಇಳಿಯಿತು!

ಆಮೇಲೆ ಗೋಡೆ. ಮೂರು-ನಾಲ್ಕು ಅಡಿಗೊಂದರಂತೆ, ಒಂದು ಕಲ್ಲನ್ನು ಮೆಲ್ಲಗೆ ಬಿಡಿಸಿ ಗೋಡೆಯ ಆಚೆಗೆ ಹಾಯುವಂತೆ ತೂತು ಮಾಡುತ್ತಾರೆ. ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟು ತುಂಬುತ್ತಾರೆ. ಒಣಗಿದ ಮೇಲೆ ಅದೇ ಎರಡು ಗೋಡೆಗಳನ್ನು ಹಿಡಿಯುವ ಕಲ್ಲು. ಒಂದು ತೂತು ಮುಗಿಯುವವರೆಗೆ ಪಕ್ಕದ್ದಕ್ಕೆ ಕೈ ಹಾಕಬಾರದು. ಸುತ್ತಿಗೆಯ ಆರ್ಭಟವೂ ಬೇಡ. ಕೊನೆಗೆ ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ, ಗೋಡೆಯ ಎರಡೂ ಬದಿಗೆ, ಕಬ್ಬಿಣದ ಜಾಲರಿ ಕೂರಿಸಿ ಸಿಮೆಂಟಿನ ಪಟ್ಟಿ ಹೊಡೆಯುತ್ತಾರೆ, ಪೈಲ್ವಾನನ ನಡುಕಟ್ಟಿನ ಹಾಗೆ. ಮೂಲೆಗಳಲ್ಲಿ ಈ ಪಟ್ಟಿ ತುಂಡಾಗಕೂಡದು. ಕಾಗದದ ಮೇಲೆ ಬೇಕೆಂದರೆ ಭಾರತೀಯ ಮಾನಕ 13935 ಎಂಬ ಪುಸ್ತಕವಿದೆ. ಹಳೇ ಕಟ್ಟಡ ಗಟ್ಟಿ ಮಾಡುವುದಕ್ಕೆಂದೇ ಬರೆದದ್ದು. ನಿಮ್ಮ ಇಂಜಿನಿಯರಿಗೆ ಆ ನಂಬರು ಹೇಳಿ. ಹೊಟ್ಟೆ ಬಂದ ಗೋಡೆಯನ್ನು ಮಾತ್ರ ಇಂಜಿನಿಯರ್ ನೋಡದೆ ಯಾರೂ ಮುಟ್ಟಕೂಡದು.

ಒಂದು ಮಾತು ಖಡಾಖಂಡಿತ: ಮಣ್ಣಿನ ಗೋಡೆಯ ಮೇಲೆ ಆರ್.ಸಿ.ಸಿ. ಸ್ಲ್ಯಾಬ್ ಹಾಕಿಸಬೇಡಿ! "ಮಾಳಗಿ ತಗದು ಸ್ಲ್ಯಾಬ್ ಹಾಕೂಣು, ಪಕ್ಕಾ ಆಗ್ತದ" ಎಂದು ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಮುದುಕನ ಹೆಗಲ ಮೇಲೆ ಬಂಡೆ ಹೊರಿಸಿ 'ಪಕ್ಕಾ' ಅಂದ ಹಾಗಾಯ್ತು. ತಗಡು ಹೊದಿಸಿದರೆ ಭಾರವೇನೋ ಇಲ್ಲ, ಆದರೆ ಮೇ ತಿಂಗಳಲ್ಲಿ ನೀವೇ ಜೋಳದ ರೊಟ್ಟಿಯ ಹಾಗೆ ಬೇಯುತ್ತೀರಿ. ಬಿರುಗಾಳಿಗೆ ಹಾರದಂತೆ ಬಿಗಿಯುವ ಕೆಲಸ ಬೇರೆ.

ಭೀಮೆಯ ಪಾತ್ರಪ್ರವೇಶ

ಆಳಂದದವರ ಕಥೆ ಹೀಗಾದರೆ ಅಫಜಲಪುರ, ಜೇವರ್ಗಿಯ ನದಿ ದಂಡೆಯವರಿಗೆ ಇನ್ನೊಂದು ವಿಲನ್ ಇದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ನೀರು ಸೊನ್ನ ಬ್ಯಾರೇಜ್ ದಾಟಿ ಬಂದಾಗ ಭೀಮೆ ಹೇಗೆ ಮನೆ ಮನೆಗೆ ನುಗ್ಗಿದಳೆಂದು ಅವರಿಗೆ ನಾನು ಹೇಳಬೇಕಿಲ್ಲ. ನೀರು ನಿಂತ ಮನೆಯ ವಿಚಿತ್ರ ಏನೆಂದರೆ, ನೀರು ಇರುವಾಗ ಬೀಳದ ಗೋಡೆ ನೀರು ಇಳಿದ ಮೇಲೆ ಬೀಳಬಹುದು! ಒಳಗಿನ ಮಣ್ಣು ಕೆಸರಾಗಿರುತ್ತದೆ. ಆದ್ದರಿಂದ ಪ್ರವಾಹ ಕಂಡ ಮನೆಗೆ ಕಾಲಿಡುವ ಮುಂಚೆ ಬುಡ ನೋಡಿ. ಕೆಳಗಿನ ಮೂರು ಅಡಿ ಮಣ್ಣು ಕರಗಿ ಕಲ್ಲು ಸಡಿಲವಾಗಿದ್ದರೆ ಅಷ್ಟು ಭಾಗವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಸಿಮೆಂಟಿನಲ್ಲೋ ಗಚ್ಚಿನಲ್ಲೋ ಕಟ್ಟಿಸಬೇಕು. ಎರಡು ಮೂರು ಸಲ ಮುಳುಗಿದ ಮನೆಯಾದರೆ? ನನ್ನ ಅಭಿಪ್ರಾಯ ಕೇಳಿದರೆ, ಆ ರಿಪೇರಿಯ ದುಡ್ಡನ್ನು ಎತ್ತರದ ಜಾಗಕ್ಕೆ ಇಟ್ಟುಕೊಳ್ಳಿ.

ಎರಿ ಭೂಮಿಯ ಆಟವೂ ಸಣ್ಣದಲ್ಲ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಮೇಲಿದ್ದ ಮನೆಯೂ ಅದರ ಜೊತೆ ಕುಣಿಯಬೇಕು. ಇದಕ್ಕೆ ಔಷಧಿ ನಮ್ಮಲ್ಲೇ ಇದೆ. ಶಹಾಬಾದಿನ ಹಾಸುಗಲ್ಲು! ಮನೆಯ ಸುತ್ತ ಮೂರು ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಹಾಸಿ, ಸಂದು ಮುಚ್ಚಿಸಿ. ಬಚ್ಚಲ ನೀರು, ಮಾಳಿಗೆಯ ನೀರು ಬುಡಕ್ಕೆ ಬೀಳದ ಹಾಗೆ ದೂರ ಸಾಗಿಸಿ.

ಮತ್ತೆ, ಹಗೇವು ಮರೆಯಬೇಡಿ! ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಎಷ್ಟೋ ಹಳೇ ಮನೆಗಳಲ್ಲಿ ಅದರ ಮೇಲೆ ಕಲ್ಲು ಮುಚ್ಚಿ ಎಲ್ಲರೂ ಮರೆತಿರುತ್ತಾರೆ. ನೆಲ ಬಡಿದಾಗ ಟೊಳ್ಳು ಸದ್ದು ಬಂದರೆ ಕಲ್ಲು ತೆರೆದು ಗಾಳಿಯಾಡಲು ಬಿಡಿ. 'ನಿಧಿ ಇರಬಹುದು' ಅಂತ ಹೀರೋ ಥರ ಧುಮುಕಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹಗೇವಿಗೆ ಇಳಿದವನೂ, ಅವನನ್ನು ಎತ್ತಲು ಹೋದವನೂ ಇಬ್ಬರೂ ಸತ್ತ ಪ್ರಸಂಗಗಳಿವೆ. ಅದನ್ನು ಮಣ್ಣು, ಕಲ್ಲು ತುಂಬಿ ಮೇಲಿನಿಂದಲೇ ಮುಚ್ಚಿಸಿ.

"ಕಿಲ್ಲಾರಿ ಒಮ್ಮೆ ಆಯ್ತು, ಮತ್ತ ಆಗ್ತದೇನ್ರಿ?" ಎಂದು ಕೇಳುವವರಿಗೆ ಎರಡೇ ವಿಷಯ. 1993ಕ್ಕೆ ಮುಂಚೆ ಕಿಲ್ಲಾರಿ ಸೀಮೆಯನ್ನು ದೇಶದಲ್ಲೇ ಅತಿ ಕಡಿಮೆ ಅಪಾಯದ ಒಂದನೇ ವಲಯ ಅಂತ ಗುರುತಿಸಿದ್ದರು. 2002ರಲ್ಲಿ ಆ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಇನ್ನು 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿದರು.

ಇಷ್ಟೆಲ್ಲ ಮುಗಿದ ಮೇಲೆ ಬಣ್ಣ. ಮಣ್ಣಿನ ಗೋಡೆಗೆ ಸುಣ್ಣವೇ ಸರಿ, ಉಸಿರಾಡುತ್ತೆ. ಸಿಮೆಂಟು ಮೆತ್ತಿದರೆ ತೇವ ಒಳಗೇ ಕೂತು ಹಾಳೆ ಹಾಳೆಯಾಗಿ ಉದುರುತ್ತೆ. ನಿಮ್ಮ ಮೆಚ್ಚಿನ ನಟನ ದೊಡ್ಡ ಪೋಸ್ಟರನ್ನು ಧಾರಾಳವಾಗಿ ಅಂಟಿಸಿ, ಬಿರುಕಿನ ಮೇಲೆ ಮಾತ್ರ ಬೇಡ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿ. ಮಳೆಗಾಲ ಮುಗಿದ ಮೇಲೆ, ದೀಪಾವಳಿಗೆ ಊರಿಗೆ ಬಂದಾಗ ನೋಡಿ. ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ ಹಬ್ಬದ ಸಿನಿಮಾ ಒಂದು ದಿನ ತಡವಾದರೂ ಚಿಂತೆಯಿಲ್ಲ, ಮೊದಲು ಇಂಜಿನಿಯರನ್ನು ಕರೆತನ್ನಿ.